ಮನೆಯ ಆಟ, ಅಂಗಡಿಯ ಆಟ

ಜಪಾನಿನ ಎಸ್‌ಎನ್‌ಕೆ ಸಂಸ್ಥೆ 1990ರಲ್ಲಿ ‘ನಿಯೋ ಜಿಯೋ’ ಎಂಬ ವಿಡಿಯೊ ಆಟದ ಯಂತ್ರವನ್ನು ಎರಡು ರೂಪದಲ್ಲಿ ಹೊರತಂದಿತು: ನಾಣ್ಯ ಹಾಕಿ ಆಡುವ ಅಂಗಡಿಗೊಂದು, ಮನೆಗೊಂದು. ಎರಡರಲ್ಲಿಯೂ ಅದೇ ಮೋಟೊರೋಲಾ 68000 ಪ್ರೊಸೆಸರ್, ಅದೇ ಆಟ. ತಾನಿರುವುದು ಮನೆಯೋ ಅಂಗಡಿಯೋ ಎಂಬುದನ್ನು ಯಂತ್ರದಿಂದ ಅರಿತು ಆಟವೇ ತನ್ನ ನಡೆಯನ್ನು ಬದಲಿಸಿಕೊಳ್ಳುತ್ತಿತ್ತು. ಆದರೂ ಮನೆಯ ಕಾರ್ಟ್ರಿಜ್ ಅಂಗಡಿಯ ಯಂತ್ರದಲ್ಲಿ ಕೂರದು. ಸಂಪರ್ಕದ ತುದಿಗಳ ಜೋಡಣೆಯನ್ನೇ ಬೇರೆ ಮಾಡಿದ್ದರು. ಆಡಿದ್ದನ್ನು ನೆನಪಿಡುವ ಪುಟ್ಟ ಕಾರ್ಡು ಮಾತ್ರ ಎರಡಕ್ಕೂ ಹೊಂದುತ್ತಿತ್ತು.

ವಸ್ತುವಿನ ಅಸಲಿತನ ಅದರ ತಿರುಳಿನಲ್ಲಿದೆಯೋ, ಅದನ್ನು ಒಳಬಿಡುವ ಕಿಂಡಿಯಲ್ಲಿದೆಯೋ? ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಅಲ್ಲಿನ ಕಪ್ಪಿಲಿಯರೂ ದಿಂಡಿಗಲ್ ಕಡೆಯ ಅನುಪ್ಪರೂ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು ಆಡುತ್ತ ಬಂದವರು. ಅವರ ನುಡಿಯನ್ನು ‘ಕೆಟ್ಟ ಕನ್ನಡ’ವೆಂದು ಮೂಗು ಮುರಿಯುವವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಅದು ಬರಹದ ಕಿಂಡಿಗೆ ಕೂರುತ್ತಿಲ್ಲ, ನಿಜ. ಆ ಕಿಂಡಿಯ ಅಳತೆಯನ್ನು ಗೊತ್ತುಮಾಡಿದವರು ಮಾತ್ರ ನಾವು, ಅವರಲ್ಲ. ಶಾಲೆಯಲ್ಲಿ ತಮಿಳು ಲಿಪಿಯನ್ನೇ ಕಲಿತ ಅವರಲ್ಲಿ ಅನೇಕರಿಗೆ ಈ ಸ್ಮರಣ ಸಂಚಿಕೆಯೂ ಓದಲು ಬಾರದು. ಇದರ ನಾಲ್ಕು ಪುಟಗಳನ್ನಾದರೂ ಕನ್ನಡದ ಮಾತಿನಲ್ಲಿಯೇ, ತಮಿಳು ಅಕ್ಷರದಲ್ಲಿ ಅಚ್ಚುಹಾಕಿದರೆ ಕನ್ನಡಕ್ಕೆ ಊನವಾದೀತೆ?