ಚಿಲಕ ಯಾವ ಕಡೆ?

ಗೋಡೆ ಎದ್ದಿತ್ತು, ಸ್ಲ್ಯಾಬ್ ಬಿದ್ದಿತ್ತು, ಗಿಲಾವೂ ಮುಗಿದಿತ್ತು. ಬಾಗಿಲು ಕೂಡಿಸಲು ಬಂದ ಬಡಿಗ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನ್ನನ್ನು ಕರೆದ. "ಸರ, ಈ ನಡುವಿನ ಬಾಗಲಕ ಚಿಲಕ ಯಾ ಕಡಿ ಹಾಕ್ಲಿ? ನಿಮ್ಮ ಕಡಿಗೋ, ಅವರ ಕಡಿಗೋ?"

ಮೀಟಿಂಗ್‌ನಲ್ಲಿದ್ದೆ. ಮ್ಯೂಟ್ ಮಾಡಿ, "ಆಮ್ಯಾಲೆ ಹೇಳ್ತೀನಿ, ಮೊದಲು ಕಿಟಕಿ ಕೂಡಿಸು" ಅಂದೆ. ಮೂರು ದಿನವಾದರೂ ಹೇಳಲಿಲ್ಲ. ಅವನು ಕಿಟಕಿ ಮುಗಿಸಿದ, ಬಚ್ಚಲ ಬಾಗಿಲನ್ನೂ ಮುಗಿಸಿದ, ಕೊನೆಗೆ ಚಿಲಕ ಕೈಯಲ್ಲಿ ಹಿಡಿದುಕೊಂಡೇ ನಿಂತ.

"ಅವರು" ಅಂದರೆ ನನ್ನ ಅತ್ತೆ-ಮಾವ. ನಮ್ಮ ಮನೆ ಕಲಬುರಗಿಯಲ್ಲಿ, ಅವರದು ಕಮಲಾಪುರ. ಹುಮನಾಬಾದ್ ರಸ್ತೆ ಹಿಡಿದರೆ ಹತ್ತಿರ ಹತ್ತಿರ 35 ಕಿಲೋಮೀಟರ್. ನನ್ನ ಹಳ್ಳಿಯೂ ಅದೇ ಕಡೆ. ಬಿ.ಇ. ಮುಗಿಸಿ ಬೆಂಗಳೂರು ಸೇರಿದವನು 2020ರ ಲಾಕ್‌ಡೌನ್‌ನಲ್ಲಿ ವಾಪಸ್ ಬಂದೆ. ಕಂಪನಿ ಮನೆಯಿಂದಲೇ ಕೆಲಸ ಮಾಡು ಅಂದಿದ್ದು ಇವತ್ತಿಗೂ ನಡೆದಿದೆ. ಇಲ್ಲೇ 40-60ರ ಜಾಗದಲ್ಲಿ ಮನೆ ಇದೆ, ಹಿಂದೆ ಸ್ವಲ್ಪ ಬಯಲು ಉಳಿದಿತ್ತು. ಮಾವನಿಗೆ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಸಲಕ್ಕೆ ನಾಲ್ಕು ತಾಸು. ಅದು ಮುಗಿಸಿ ಎದ್ದವರ ಮುಖ ನೋಡಿದವರಿಗೆ ಗೊತ್ತು, ಆಮೇಲೆ ಒಂದು ತಾಸು ಬಸ್ಸಿನಲ್ಲಿ ಕೂಡುವುದು ಅಂದರೆ ಏನಂತ. ಕೆಂಪು ಬಾಳೆ ಬೆಳೆದ ಮನುಷ್ಯ ಅವರು. ಭೌಗೋಳಿಕ ಸೂಚಕದ ಮಾನ ಪಡೆದ ಕಮಲಾಪುರದ ಬಾಳೆ. ಈಗ ಡಾಕ್ಟರು ಬಾಳೆಹಣ್ಣು ಮುಟ್ಟಬೇಡಿ ಅಂದಿದ್ದಾರೆ, ಅದರಲ್ಲಿರುವ ಪೊಟ್ಯಾಸಿಯಂ ಈ ಕಿಡ್ನಿಗೆ ಆಗಿಬರುವುದಿಲ್ಲ.

ಹೆಂಡತಿ ಒಬ್ಬಳೇ ಮಗಳು. ಬನ್ನಿ ನಮ್ಮಲ್ಲೇ ಇರಿ ಅಂದರೆ ಅತ್ತೆಯದು ಒಂದೇ ಮಾತು: "ಮಗಳ ಮನಿಯಾಗ ಇರಬಾರ್ದು ಅಳಿಯಾರ, ಮಂದಿ ಏನಂದಾರು?" ಶಕ್ತಿ ಯೋಜನೆ ಬಂದಮೇಲೆ ಅವರ ವಾದಕ್ಕೆ ಇನ್ನೂ ಬಲ ಬಂತು. "ನನಗ ಬಸ್ ಫ್ರೀ ಅದ, ನಿಮ್ಮ ಮಾವಾರ್ದು ಅಷ್ಟೇ ರೊಕ್ಕ. ಹೋಗಿ ಬಂದು ಮಾಡ್ತೀವಿ." ಎಂಟು ತಿಂಗಳು ಹಾಗೇ ಮಾಡಿದರು. ಒಂದಿನ ಮಾವ ಬಸ್‌ಸ್ಟ್ಯಾಂಡಿನಲ್ಲಿ ಕುಸಿದು ಕೂತಮೇಲೆ ವಾದ ನಿಂತಿತು.

ಹೀಗೆ ಹಿಂದಿನ ಬಯಲಿನಲ್ಲಿ ಒಂದು ಖೋಲಿ, ಸಣ್ಣ ಅಡಿಗೆಮನೆ, ಬಚ್ಚಲು-ಸಂಡಾಸ ಕಟ್ಟುವ ಮಾತಾಯಿತು. ನಕ್ಷೆ ತೆಗೆದವನು ನನ್ನ ಜತೆ ಓದಿದ ಸಿವಿಲ್ ಗೆಳೆಯ. ಅವನು ಆ ಖೋಲಿಯ ಮೇಲೆ ಗೆಸ್ಟ್ ರೂಮ್ ಅಂತ ಬರೆದಿದ್ದ. ಮಾವ ಕನ್ನಡಕ ಏರಿಸಿ ಓದಿ, ಏನೂ ಅನ್ನದೆ ನಕ್ಷೆ ಮಡಚಿ ನನ್ನ ಕೈಗೆ ಕೊಟ್ಟರು. ಸಾಫ್ಟ್‌ವೇರಿನವನಿಗೆ ಗೆಸ್ಟ್ ಅಂದರೆ ಏನಂತ ಬೇರೆಯವರು ಹೇಳಬೇಕಿಲ್ಲ. ನೋಡಬಹುದು, ಬದಲಿಸುವಂತಿಲ್ಲ, ಯಾವಾಗ ಬೇಕಾದರೂ ಲಾಗಿನ್ ಕಿತ್ತುಕೊಳ್ಳಬಹುದು. ಅಳಿಸಿ ಏನು ಬರೆಯೋದು? ಮಾವನ ಮನೆಯಲ್ಲಿ ಉಳಿದ ಅಳಿಯನಿಗೆ ಕನ್ನಡದಲ್ಲಿ ಮನೆಅಳಿಯ ಅನ್ನೋ ಪದ ಇದೆ, ಚೇಷ್ಟೆಗಾದರೂ ಇದೆ. ಅಳಿಯನ ಮನೆಯಲ್ಲಿ ಉಳಿದ ಮಾವನಿಗೆ ಪದವೇ ಇಲ್ಲ. ಬೀಗರು ಅನ್ನೋ ಪದ ಇದೆ, ಅದು ನಮ್ಮಪ್ಪ-ಅವ್ವನಿಗೆ ಅವರು ಆಗಬೇಕಾದದ್ದು. (ಬೀಗರೂ ಬೀಗವೂ ಕನ್ನಡದಲ್ಲಿ ಇಷ್ಟು ಹತ್ತಿರ ಕೂತಿವೆ ಅಂತ ಆ ಮೂರು ದಿನದಲ್ಲೇ ನನಗೆ ಹೊಳೆದದ್ದು.)

ಕಟ್ಟುವುದರಲ್ಲಿ ಬಂದ ಜಗಳ ಒಂದೆರಡಲ್ಲ. ವ್ಹೀಲ್‌ಚೇರ್ ಬರುವ ದಿನ ಬಂದರೆ ಇರ್ಲಿ ಅಂತ ಬಾಗಿಲು ಮೂರೂವರೆ ಅಡಿ ಮಾಡಿ ಹೊಸ್ತಿಲು ಬಿಟ್ಟಿದ್ದೆ. ಅತ್ತೆ ನೋಡಿದವರೇ, "ಹೊಸ್ತಿಲ ಇಲ್ಲದ್ದು ದವಾಖಾನಿ, ಮನಿ ಅಲ್ಲ. ನಾ ಅರಿಶಿಣ-ಕುಂಕುಮ ಎಲ್ಲಿ ಹಚ್ಚಲಿ?" ಅಂದರು. ಗೌಂಡಿಯೇ ದಾರಿ ತೋರಿಸಿದ. ಶಹಾಬಾದಿ ಪರಸಿಯ ಒಂದು ಪಟ್ಟಿಯನ್ನು ನೆಲದ ಮಟ್ಟಕ್ಕೇ ಕೂಡಿಸಿದ. ಗಾಲಿಗೆ ತಾಗುವುದಿಲ್ಲ, ಕುಂಕುಮಕ್ಕೆ ಜಾಗ ಇದೆ.

ಇನ್ನೊಂದು, ಹಳೆ ಗೋಡೆಗೂ ಹೊಸ ಗೋಡೆಗೂ ನಡುವಿನ ಸಂದಿಯದು. ನಮ್ಮ ಕಡೆ ಎರೆಮಣ್ಣು. ಮಳೆ ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮುರುಮು ಸಿಗುವವರೆಗೆ ಅಗೆದು ಅಡಿಪಾಯ ಹಾಕಿದ್ದೆವು. ಗೌಂಡಿ ಹಳೆ ಗೋಡೆಯಲ್ಲಿ ಹಲ್ಲು ಕಡಿದು ಹೊಸ ಇಟ್ಟಂಗಿ ಕಚ್ಚಿಸೋಣ, ಗಟ್ಟಿ ಆಗ್ತದ ಅಂದ. ಗೆಳೆಯ ಬೇಡವೇ ಬೇಡ ಅಂದ. ಹಳೆ ಮನೆ ತನ್ನಷ್ಟಕ್ಕೆ ಕೂತುಬಿಟ್ಟಿದೆ, ಹೊಸದು ಇನ್ನೂ ಕೂಡಬೇಕು. ಎರಡನ್ನೂ ಕಚ್ಚಿಸಿದರೆ ಒಂದು ಇಳಿಯುವಾಗ ಇನ್ನೊಂದನ್ನು ಸೀಳುತ್ತದೆ. ಒಂದಿಂಚು ಸಂದಿ ಬಿಡು, ಮೆತ್ತನೆಯ ಹಾಳೆ ತುಂಬಿ ಮೇಲೊಂದು ಪಟ್ಟಿ ಹೊಡಿ. ನನಗೆ ಅದು ಮನಸ್ಸಿಗೆ ಬರಲಿಲ್ಲ. ಮನೆ ಕೂಡಿಸಲಿಕ್ಕೆ ಹೊರಟು ಬಿರುಕನ್ನು ನಾವೇ ಮೊದಲು ಇಡೋದಾ? ಮಾವ ಕೂತಲ್ಲಿಂದಲೇ ಅಂದರು: "ನಿಮ್ಮ ಗೆಳೆಯ ಬರೋಬರ್ ಹೇಳ್ಯಾನ. ಬ್ಯಾಸಗಿಯಾಗ ಹೊಲದಾಗಿನ ಬಿರುಕು ನೋಡಿಲ್ಲೇನ್ರಿ? ಮೊಳಕಾಲ ಮಟ ಕಾಲು ಇಳೀತದ. ಅದಕ್ಕ ಜಾಗಾ ಕೊಟ್ರ ಮಳಿಗಾಲಕ ತಾನೇ ಕೂಡ್ತದ."

ಆದರೆ ನಿಜವಾದ ಜಗಳ ದುಡ್ಡಿನದು. ಖರ್ಚು 7 ಲಕ್ಷ ದಾಟಿತ್ತು. ಒಂದಿನ ಮಾವ ಪ್ಲಾಸ್ಟಿಕ್ ಚೀಲದಲ್ಲಿ 2 ಲಕ್ಷ ತಂದು ಟೇಬಲ್ ಮೇಲಿಟ್ಟರು. ತೊಗರಿ ಮಾರಿದ್ದು, ಮೇಲೆ ಒಂದಿಷ್ಟು ಉಳಿತಾಯ. ನಾನು ಬೇಡ ಅಂದೆ. ಬಹಳ ದೊಡ್ಡ ಮನಸ್ಸಿನಿಂದ ಬೇಡ ಅಂದೆ ಅಂತ ನನಗೆ ಅನ್ನಿಸಿತ್ತು. ರಾತ್ರಿ ಹೆಂಡತಿ ಕೇಳಿದಳು: "ರೀ, ನೀವು ದೊಡ್ಡವ್ರಾಗಾಕ ನಮ್ಮಪ್ಪ ಯಾಕ ಸಣ್ಣವ ಆಗಬೇಕು?"

ಆ ಮಾತು ಚುಚ್ಚಿತು. ಸುಮ್ಮನೆ ಮಲಗಿದಾಗ ನೆನಪಾದದ್ದು ಶರಣಬಸವೇಶ್ವರ ಗುಡಿಯ ದಾಸೋಹ. ಹೋಳಿ ಹುಣ್ಣಿಮೆ ಆದಮೇಲೆ ಜಾತ್ರೆಗೆ ಅಪ್ಪ ನಮ್ಮನ್ನು ಕರಕೊಂಡು ಬರುತ್ತಿದ್ದ. ಪಂಕ್ತಿಯಲ್ಲಿ ಕೂತು ಉಂಡು ಏಳುತ್ತಿದ್ದೆವು. ಸುಗ್ಗಿ ಚಲೋ ಆದ ವರ್ಷ ಅಪ್ಪ ಒಂದು ಚೀಲ ಜೋಳ ತಂದು ಅಲ್ಲೇ ಹಾಕುತ್ತಿದ್ದ. ಯಾರೂ ಅದನ್ನು ಬೇಡ, ನೀವು ಬಡವರು ಅನ್ನಲಿಲ್ಲ. ನಾವು ಉಂಡಿದ್ದು ಎಷ್ಟು, ತಂದಿದ್ದು ಎಷ್ಟು ಅಂತಲೂ ಕೇಳಲಿಲ್ಲ. ಹಾಗೆ ಕೊಡಲು ಸಿಕ್ಕಿದ್ದರಿಂದಲೇ ಅಪ್ಪ ಆ ಪಂಕ್ತಿಯಲ್ಲಿ ಎದೆ ನೆಟ್ಟಗೆ ಮಾಡಿ ಕೂಡುತ್ತಿದ್ದ ಅಂತ ಈಗ ಅನ್ನಿಸುತ್ತದೆ. ದಾಸೋಹ ಅನ್ನೋ ಮಾತಿನಲ್ಲಿ ದಾಸನಾಗುವವನು ಕೊಡುವವನು. ನಾನು ಕೊಡುವ ಜಾಗದಲ್ಲಿ ಧಣಿಯಾಗಿ ಕೂತಿದ್ದೆ.

ಮರುದಿನ ದುಡ್ಡು ತಗೊಂಡೆ. ಅದಾದಮೇಲೆ ಮಾವ ಗೌಂಡಿಗೆ ಇದು ಹೀಗಿರಲಿ, ಅದು ಹಾಗಿರಲಿ ಅಂತ ಹೇಳತೊಡಗಿದರು. ಕಮಲಾಪುರದ ಹಳೆ ಮನೆಯ ಬೇವಿನ ಬಾಗಿಲು ತರಿಸಿ ಹೊರಬಾಗಿಲಿಗೆ ಹಾಕಿಸಿದರು. ನನಗೆ ಆ ಬಾಗಿಲು ಸೇರಲಿಲ್ಲ, ಹೊಸ ಗೋಡೆಗೆ ಒಪ್ಪುವುದೂ ಇಲ್ಲ. ಏನೂ ಅನ್ನಲಿಲ್ಲ.

ದುಡ್ಡು ತಗೊಂಡಮೇಲೆ ಇನ್ನೊಂದು ಪ್ರಶ್ನೆ ಹುಟ್ಟಿತು. ಮನೆ ನನ್ನ ಹೆಸರಲ್ಲಿದೆ, ಬ್ಯಾಂಕಿನ ಸಾಲ ಇನ್ನೂ ಇದೆ. ನಾಳೆ ನನಗೇನಾದರೂ ಆದರೆ, ಅಥವಾ ದೇವರು ಮಾಡದಿರಲಿ ನಾವಿಬ್ಬರು ಬೇರೆಯಾದರೆ, ಈ ಮುದುಕರು ಎಲ್ಲಿ? ಕಾನೂನು ಹುಡುಕಿದೆ. ಮದುವೆಯಾದ ಮಗಳಿಗೂ ತಂದೆ-ತಾಯಿಯನ್ನು ಸಾಕುವ ಹೊಣೆ ಉಂಟು ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. 2007ರ ಹಿರಿಯ ನಾಗರಿಕರ ಕಾಯ್ದೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಅಂತ ಹೆಸರು ಹಿಡಿದು ಹೇಳಿತು. ಅಳಿಯನ ಹೆಸರು ಅದರಲ್ಲಿ ಬರಲಿಲ್ಲ. ಬೆಂಗಳೂರಿನ ಒಂದು ಮೊಕದ್ದಮೆಯಲ್ಲಿ, ಅತ್ತೆ-ಮಾವ ಆ ಕಾಯ್ದೆ ಹಿಡಿದು ಸೊಸೆಯನ್ನು ಹೊರಗೆ ಹಾಕಲು ಹೋದಾಗ, ಕೂಡಿ ಬಾಳಿದ ಮನೆಯಲ್ಲಿ ಇರುವ ಅವಳ ಹಕ್ಕನ್ನು ಹಾಗೆ ತುಳಿಯಲು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಹೆಸರಿಲ್ಲದ ಮನೆಯಲ್ಲೂ ಇರುವ ಹಕ್ಕು ಇರಬಹುದು ಅಂತ ಕಾನೂನಿಗೆ ಸೊಸೆಯ ವಿಷಯದಲ್ಲಿ ತಿಳಿದಿದೆ. ಅಳಿಯನ ಮನೆಯ ಅತ್ತೆಗೆ ಅಂಥ ಆಸರೆ ನನ್ನ ಕಣ್ಣಿಗೆ ಬೀಳಲಿಲ್ಲ. ಹೆಂಡತಿಯ ಹೆಸರು ಸೇರಿಸಬೇಕು, ಬ್ಯಾಂಕಿಗೆ ಹೋಗಬೇಕು. ಇದನ್ನು ಬರೆಯುವ ಹೊತ್ತಿಗೂ ಹೋಗಿಲ್ಲ. ಕೆಲಸದ ನೆಪ ಹೇಳಬಹುದು, ಆದರೆ ನೆಪ ಅಂತ ನನಗೇ ಗೊತ್ತು.

ಈ ನಡುವೆ ಊರಿನಿಂದ ಅವ್ವ ಫೋನ್ ಮಾಡಿದಳು. ಅಪ್ಪ-ಅವ್ವ ಹಳ್ಳಿಯಲ್ಲಿ ಅಣ್ಣನ ಜತೆ ಇದ್ದಾರೆ. ನನ್ನ ಮನೆಗೆ ಬಂದರೆ ಅಪ್ಪ ಹಾಲ್‌ನಲ್ಲಿ ದಿವಾನ್ ಮೇಲೆ, ಅವ್ವ ಮೊಮ್ಮಗಳ ಪಕ್ಕದಲ್ಲಿ ಚಾಪೆ ಹಾಕಿಕೊಂಡು. ಅವ್ವ ಸಿಟ್ಟಿನಿಂದೇನೂ ಮಾತಾಡಲಿಲ್ಲ. "ಛಲೋ ಮಾಡಿದಿ ತಮ್ಮಾ. ನಮಗೊಂದು ಖೋಲಿ ಬೇಕಂತ ನಿನಗ ಎಂದೂ ಅನಿಸಲಿಲ್ಲ ನೋಡು."

"ನಿನಗ ಯಾಕವ್ವ ಖೋಲಿ? ಮನೀನೇ ನಿಂದು" ಅಂದೆ. ಬಾಯಿಗೆ ಬಂದ ಉತ್ತರ ಅದು, ಸುಳ್ಳೂ ಅಲ್ಲ. ಅವ್ವ ಬಂದರೆ ಫ್ರಿಜ್ ತೆಗೆದು ಏನಿದೆ ನೋಡುತ್ತಾಳೆ, ಸೊಸೆಗೆ ಬೈಯುತ್ತಾಳೆ, ನನ್ನ ಪಗಾರ ಎಷ್ಟಾಯಿತು ಅಂತ ಪಕ್ಕದ ಮನೆಯವರ ಮುಂದೆಯೇ ಕೇಳುತ್ತಾಳೆ. ಅತ್ತೆ ಬಂದು ಇಷ್ಟು ವರ್ಷವಾದರೂ ಫ್ರಿಜ್ ಮುಟ್ಟಿಲ್ಲ. ಫೋನ್ ಇಟ್ಟಮೇಲೆ ಲೆಕ್ಕ ಹಾಕಿದೆ. ಅವ್ವನಿಗೆ ಈ ಮನೆಯಲ್ಲಿ ಹಕ್ಕು ಇದೆ, ಖೋಲಿ ಇಲ್ಲ. ಅತ್ತೆಗೆ ಖೋಲಿ ಆಗುತ್ತಿದೆ, ಹಕ್ಕು ಇಲ್ಲ. ಒಬ್ಬರಿಗೆ ಕೊಟ್ಟದ್ದನ್ನು ತೋರಿಸಿ ಇನ್ನೊಬ್ಬರ ಬಾಯಿ ಮುಚ್ಚಿಸುತ್ತಿದ್ದೆ. "ಮನೆಯೇ ನಿನ್ನದು" ಅನ್ನೋದು ಎಷ್ಟು ಸೋವಿ ಮಾತು! ಒಂದು ಇಟ್ಟಂಗಿಯ ಖರ್ಚಿಲ್ಲ. ನಾವು ಗಂಡುಮಕ್ಕಳು ತಾಯಂದಿರಿಗೆ ಇದನ್ನೇ ಕೊಟ್ಟುಕೊಂಡು ಬಂದಿದ್ದೇವೆ. ಒಲೆ ಬೇರೆ ಆಯಿತು ಅಂದರೆ ನಮ್ಮ ಕಡೆ ಮನೆ ಒಡೆಯಿತು ಅಂತ. ಅವ್ವ ಆ ಖೋಲಿಯ ಅಡಿಗೆಮನೆಯನ್ನು ಹಾಗೇ ಓದಿಕೊಂಡಿದ್ದಳು, ಅವರು ಬೀಗರು, ಅದಕ್ಕೆ ಬೇರೆ ಇಟ್ಟ ಅಂತ. ಅತ್ತೆಗೆ ಅದೇ ಒಲೆ, ನನ್ನ ರೊಟ್ಟಿ ನಾನೇ ಬಡಿದುಕೊಳ್ಳುತ್ತೇನೆ ಅಂತ ತಲೆ ಎತ್ತಿ ಹೇಳುವ ದಾರಿ.

ಇಷ್ಟಾದಮೇಲೂ ಬಡಿಗ ಚಿಲಕ ಹಿಡಿದು ನಿಂತೇ ಇದ್ದ.

ನನ್ನ ಕಡೆ ಹಾಕಿಸಿದರೆ, ಬಾಗಿಲು ತೆರೆಯುವುದು ನನ್ನ ಮರ್ಜಿ. ಅವರು ಬಾಗಿಲು ತಟ್ಟಬೇಕು. ಎರಡೂ ಕಡೆ ಹಾಕಿಸಿದರೆ ಸಮ ಅಂತ ಕಾಣುತ್ತದೆ. ಮೊದಲು ಅದೇ ಸರಿ ಅನ್ನಿಸಿತ್ತು. ಆದರೆ ಸಮ ಆಗುವುದು ಎರಡು ಕಡೆಯವರೂ ಸಮ ಇದ್ದಾಗ. ನಾನು ನನ್ನ ಮನೆಯಲ್ಲಿದ್ದೇನೆ, ಅವರು ತಮ್ಮ ಊರು ಬಿಟ್ಟು ಬಂದಿದ್ದಾರೆ. ನನ್ನ ಚಿಲಕದ ಸದ್ದು ಅವರಿಗೆ ಒಂದು ಮಾತಾಗಿ ಕೇಳಿಸುತ್ತದೆ, ಅವರ ಚಿಲಕದ ಸದ್ದು ನನಗೆ ಹಾಗೆ ಕೇಳಿಸುವುದಿಲ್ಲ. ಚಿಲಕವೇ ಬೇಡ ಅಂದಳು ಹೆಂಡತಿ. "ರಾತ್ರಿ ಅಪ್ಪಗ ಏನರ ಆದ್ರ? ಬಾಗಲ ಒಡೀತೀರೇನು?" ಅವಳ ಅಂಜಿಕೆ ಖರೇ. ಆದರೆ ಮುದುಕರ ಸುರಕ್ಷತೆ ಅಂತ ಹೇಳಿ ಅವರ ಬಾಗಿಲು, ಬೀಗ, ಫೋನು, ಬ್ಯಾಂಕ್ ಪಾಸ್‌ಬುಕ್ ಎಲ್ಲ ಒಂದೊಂದಾಗಿ ಕಸಿಯುವುದನ್ನು ನಾನು ನೋಡಿದ್ದೇನೆ. ಪ್ರತಿ ಸಲವೂ ಕಾರಣ ಒಳ್ಳೆಯದೇ ಇರುತ್ತದೆ.

ಕೊನೆಗೆ ಅತ್ತೆಯನ್ನೇ ಕೇಳಿದೆ. ಮೊದಲ ದಿನವೇ ಕೇಳಬೇಕಿತ್ತು, ಮೂರು ದಿನ ಒಬ್ಬನೇ ಕೂತು ನೀತಿಶಾಸ್ತ್ರ ಮಾಡಿದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದರು: "ನಮ್ಮ ಕಡಿ ಹಾಕಸ್ರಿ ಅಳಿಯಾರ. ನಾವೇನು ದಿನಾ ಹಾಕ್ಕೋತೀವೇನು? ಇರ್ಲಿ." ಅವರ ಕಡೆಗೇ ಆಯಿತು. ಹೆಂಡತಿಯ ಅಂಜಿಕೆಗೆ ಬೇವಿನ ಹೊರಬಾಗಿಲ ಕೀಲಿಯೊಂದು ನಮ್ಮ ದೇವರ ಖೋಲಿಯಲ್ಲಿ ನೇತಾಡುತ್ತಿದೆ. ಅದನ್ನು ಅಲ್ಲಿಗೆ ತೂಗುಹಾಕಿದವರೂ ಅತ್ತೆಯೇ.

ಅವರು ಬಂದು ಈಗ ಐದು ತಿಂಗಳು. ಮಾವ ದವಾಖಾನೆಯಿಂದ ಬಂದ ದಿನ ಆ ಬಾಗಿಲು ಮುಚ್ಚಿರುತ್ತದೆ, ಉಳಿದ ದಿನ ತೆರೆದಿರುತ್ತದೆ. ಫ್ರಿಜ್ಜನ್ನು ಅತ್ತೆ ಇನ್ನೂ ಮುಟ್ಟಿಲ್ಲ.

ಹೋದ ತಿಂಗಳು ಅವ್ವ ಬಂದಳು. ಮಾವನನ್ನು ಮೂರು ದಿನ ದವಾಖಾನೆಯಲ್ಲಿ ಇಟ್ಟುಕೊಂಡಿದ್ದರು, ಅತ್ತೆಯೂ ಅಲ್ಲೇ ಇದ್ದರು. ಹೋಗುವ ಮುಂಚೆ ಅತ್ತೆ ನನ್ನನ್ನು ಕೇಳಲಿಲ್ಲ, ನೇರ ಅವ್ವನಿಗೇ ಅಂದರು: "ಬೀಗರ, ನೀವು ನಮ್ಮ ಖೋಲಿಯಾಗ ಮಲಕೋರಿ. ಗಾಳಿ ಛಲೋ ಬರ್ತದ." ನಮ್ಮ ಖೋಲಿ ಅಂದರು. ರಾತ್ರಿ ನೀರಿನ ತಂಬಿಗೆ ಕೊಡಲು ಹೋದಾಗ ಅವ್ವ ನಡುಬಾಗಿಲ ಹತ್ತಿರ ನಿಂತು ಚಿಲಕ ನೋಡುತ್ತಿದ್ದಳು. ಹಳ್ಳಿಯ ಮನೆಯಲ್ಲಿ ಅವಳು ಮಲಗಿದ್ದು ಪಡಸಾಲೆಯಲ್ಲಿ, ಅಡಿಗೆಮನೆಯಲ್ಲಿ, ಬಾಣಂತನದಲ್ಲಿ ಕತ್ತಲ ಮೂಲೆಯಲ್ಲಿ. ಎಪ್ಪತ್ತು ಸಮೀಪಿಸಿದೆ ಅವಳಿಗೆ.

"ಇದನ ಒಳಗಿಂದ ಹಾಕ್ಕೋಬಹುದೇನೋ?" ಅಂದಳು.

"ಹಾಕ್ಕೋ ಅವ್ವ."

ಬಾಗಿಲು ಮುಚ್ಚಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದ ಸದ್ದು, ಮತ್ತೆ ಹಾಕಿದ ಸದ್ದು.