ಚಂಚಲ ಮಗುವೂ ಮನೆಯ ಊಟವೂ

ತರಗತಿಯಲ್ಲಿ ಒಂದೆಡೆ ಕುಳಿತಿರಲಾರದ, ಹೇಳಿದ್ದನ್ನು ಅರೆಗಳಿಗೆಯಲ್ಲಿ ಮರೆಯುವ, ಪುಸ್ತಕ ಪೆನ್ಸಿಲುಗಳನ್ನು ದಿನಕ್ಕೊಂದರಂತೆ ಕಳೆದುಕೊಂಡು ಬರುವ ಮಗುವನ್ನು ತಜ್ಞ ವೈದ್ಯರಲ್ಲಿಗೆ ಕರೆದೊಯ್ದ ಜೈನ ದಂಪತಿಗಳು ಮನೆಗೆ ಹಿಂದಿರುಗುವಾಗ ಸಾಮಾನ್ಯವಾಗಿ ಎರಡು ಮಾತುಗಳನ್ನು ಹೊತ್ತು ತರುತ್ತಾರೆ. ಒಂದು, ವೈದ್ಯರು ಹೇಳಿದ್ದು: ಇದು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಇನ್ನೊಂದು, ನೆರೆಹೊರೆಯವರೋ ಶಾಲೆಯವರೋ ಹೇಳಿದ್ದು: ಮಗುವಿಗೆ ಪ್ರೋಟೀನು ಸಾಲದು, ದಿನಕ್ಕೊಂದು ಮೊಟ್ಟೆಯನ್ನಾದರೂ ಕೊಡಬಾರದೆ? ಮೊದಲನೆಯ ಮಾತಿಗಿಂತ ಎರಡನೆಯದೇ ತಾಯಿಯ ನಿದ್ದೆ ಕೆಡಿಸುತ್ತದೆ. ಹಿರಿಯರು ಪಾಲಿಸಿಕೊಂಡು ಬಂದ ವ್ರತದ ಬೆಲೆಯನ್ನು ಏನೂ ಅರಿಯದ ಕೂಸು ತೆರುತ್ತಿದೆಯೇ ಎಂಬ ಸಂಶಯ ಅವಳನ್ನು ಕಾಡುತ್ತದೆ.

ಈ ಸಂಶಯಕ್ಕೆ ಧರ್ಮಾಭಿಮಾನದಿಂದ ಉತ್ತರಿಸುವುದು ಸುಲಭ. ಆದರೆ ಶ್ರಾವಕನ ಅಣುವ್ರತಗಳಲ್ಲಿ ಅಹಿಂಸೆಯ ಬೆನ್ನಿಗೇ ಸತ್ಯವೂ ಇದೆ. ಆದುದರಿಂದ ವಿಷಯವೇನೆಂದು ಮೊದಲು ತಿಳಿಯುವುದು ಲೇಸು.

ಪ್ರೋಟೀನಿನ ಮಾತು ಬರಿಯ ಗಾಳಿಮಾತಲ್ಲ. ಗಮನವನ್ನು ಒಂದೆಡೆ ನಿಲ್ಲಿಸುವ ಕಾರ್ಯದಲ್ಲಿ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಎರಡು ರಾಸಾಯನಿಕಗಳಿಗೆ ಮುಖ್ಯ ಪಾತ್ರವಿದೆ. ಇವೆರಡೂ ಟೈರೊಸಿನ್ ಎಂಬ ಅಮೈನೊ ಆಮ್ಲದಿಂದ ತಯಾರಾಗುತ್ತವೆ. ಟೈರೊಸಿನ್ನಿಗೆ ಮೂಲ ಆಹಾರದ ಪ್ರೋಟೀನು. ಹೀಗಿರುವಾಗ ಹೆಚ್ಚು ಪ್ರೋಟೀನು ತಿಂದರೆ ಹೆಚ್ಚು ಗಮನ ಎಂಬ ತರ್ಕ ಸಹಜವಾಗಿಯೇ ತೋರುತ್ತದೆ. ಆದರೆ ಉಗ್ರಾಣದಲ್ಲಿ ಸರಕು ತುಂಬಿದ ಮಾತ್ರಕ್ಕೆ ಅಂಗಡಿಯಲ್ಲಿ ವ್ಯಾಪಾರ ಹೆಚ್ಚುವುದಿಲ್ಲವೆಂಬುದು ವರ್ತಕರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಟೈರೊಸಿನ್ ಡೋಪಮೈನಾಗುವ ವೇಗವನ್ನು ಒಂದು ಕಿಣ್ವ ನಿಯಂತ್ರಿಸುತ್ತದೆ. ಹೊಟ್ಟೆ ತುಂಬ ಉಣ್ಣುವವರಲ್ಲಿ ಆ ಕಿಣ್ವಕ್ಕೆ ಬೇಕಾದ ಕಚ್ಚಾವಸ್ತು ಆಗಲೇ ಸಾಕಷ್ಟಿರುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ವಯಸ್ಕ ರೋಗಿಗಳ ಸಣ್ಣದೊಂದು ಗುಂಪಿಗೆ ಟೈರೊಸಿನ್ನನ್ನೇ ನೇರವಾಗಿ ಕೊಟ್ಟು ನೋಡಿದರು. ಆರಂಭದಲ್ಲಿ ಕಂಡ ಸುಧಾರಣೆ ಕೆಲವೇ ವಾರಗಳಲ್ಲಿ ಇಲ್ಲವಾಯಿತು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಈ ತೊಂದರೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಮುಕ್ಕಾಲು ಪಾಲು ವಂಶವಾಹಿಗಳಿಗೆ ಸೇರಿದ್ದು. ಮಾಂಸ, ಮೊಟ್ಟೆಗಳಿಗೆ ಬರವಿಲ್ಲದ ಅಮೆರಿಕದ ಶಾಲೆಗಳಲ್ಲೂ ಇಂಥ ಮಕ್ಕಳು ಧಾರಾಳವಾಗಿ ಇದ್ದಾರೆ ಎಂಬುದನ್ನೂ ಮರೆಯಬಾರದು.

ಇನ್ನು ಪ್ರಮಾಣದ ಪ್ರಶ್ನೆ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನವೊಂದಕ್ಕೆ 23 ಗ್ರಾಂ ಪ್ರೋಟೀನನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿತು. ಎರಡು ಲೋಟ ಹಾಲು ಅಥವಾ ಮೊಸರಿನಲ್ಲಿ ಹನ್ನೆರಡು ಗ್ರಾಂ, ಒಂದು ಹಿಡಿ ತೊಗರಿಬೇಳೆಯಲ್ಲಿ ಆರು, ಎರಡು ಚಪಾತಿಗಳಲ್ಲಿ ಆರು, ಒಂದು ಹೊತ್ತಿನ ಅನ್ನದಲ್ಲಿ ನಾಲ್ಕೈದು. ಕಡಲೆಕಾಯಿ ಚಟ್ನಿಯನ್ನಾಗಲಿ ಹೆಸರುಬೇಳೆಯ ಕೋಸಂಬರಿಯನ್ನಾಗಲಿ ಜಮಾ ಪಟ್ಟಿಗೆ ಸೇರಿಸುವ ಮೊದಲೇ ಲೆಕ್ಕ ತುಂಬುತ್ತದೆ. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿದೆ. ಬೇಳೆಯಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಇಷ್ಟಾದರೂ ಬೇಳೆಯನ್ನು ತಟ್ಟೆಯ ಅಂಚಿಗೆ ಸರಿಸಿ, ತಿಳಿಸಾರನ್ನ, ಬಿಸ್ಕತ್ತು, ಚಿಪ್ಸುಗಳಲ್ಲೇ ದಿನ ಕಳೆಯುವ ಮಗುವಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ದೋಷ ವ್ರತದ್ದಲ್ಲ.

ಶಾಕಾಹಾರಿ ಮನೆಗಳು ಒಪ್ಪಿಕೊಳ್ಳಬೇಕಾದ ನಿಜವಾದ ಬಾಕಿ ಬೇರೆ ಎರಡಿವೆ: ಕಬ್ಬಿಣ ಮತ್ತು ಬಿ-12. ಮೇಲೆ ಹೇಳಿದ ಕಿಣ್ವಕ್ಕೆ ಕೆಲಸ ಮಾಡಲು ಕಬ್ಬಿಣ ಬೇಕು. ಕಬ್ಬಿಣ ಕಡಿಮೆಯಾದ ಮಗು, ಎಡಿಎಚ್‌ಡಿ ಇರಲಿ ಬಿಡಲಿ, ಮಂಕಾಗಿ, ಗಮನವಿಲ್ಲದೆ ಇರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಬಿ-12 ಹಾಲು ಮೊಸರಿನಲ್ಲಿದೆ, ಆದರೆ ಅವನ್ನು ಮುಟ್ಟದ ಮಕ್ಕಳಿಗೆ ಬೇರೆ ದಾರಿ ಹುಡುಕಬೇಕು. ರಕ್ತಪರೀಕ್ಷೆ ಮಾಡಿಸದೆ ‘ನಮ್ಮ ಆಹಾರ ಪರಿಪೂರ್ಣ’ ಎಂದು ಘೋಷಿಸುವವರು ಮಗುವಿನ ಪಾಲಿಗೆ ಸತ್ಯವಂತರಲ್ಲ. ಔಷಧಿಯ ಬಿ-12 ತಯಾರಾಗುವುದು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ, ಪ್ರಾಣಿದೇಹದಿಂದಲ್ಲ. ಕ್ಯಾಪ್ಸೂಲಿನ ಹೊರಕವಚ ಬಹುಮಟ್ಟಿಗೆ ಜೆಲಟಿನ್ನಿನದಾದುದರಿಂದ ಮಾತ್ರೆಯನ್ನೋ ದ್ರವರೂಪದ ಔಷಧಿಯನ್ನೋ ಕೇಳಿ ಪಡೆಯಬಹುದು.

ಮೊಟ್ಟೆಯ ವಾದ ಬಿದ್ದಿತೆಂದು ಹಿಗ್ಗಿ, ಶುದ್ಧಾಹಾರವೊಂದರಿಂದಲೇ ಚಂಚಲತೆ ಗುಣವಾಗುತ್ತದೆ, ಔಷಧಿ ಬೇಡವೆಂದು ಉಪದೇಶಿಸುವವರೂ ಸಮಾಜದಲ್ಲಿದ್ದಾರೆ. ಅವರ ಮಾತೂ ಅದೇ ತಕ್ಕಡಿಯಲ್ಲಿ ತೂಗಬೇಕು. ಕ್ಯಾಲಿಫೋರ್ನಿಯಾದ ಬೆಂಜಮಿನ್ ಫೈನ್‌ಗೋಲ್ಡ್ ಎಂಬ ವೈದ್ಯರು 1970ರ ದಶಕದಲ್ಲಿ ಕೃತಕ ಬಣ್ಣ, ಸ್ವಾದಗಳೇ ಮಕ್ಕಳ ಅತಿಚಟುವಟಿಕೆಗೆ ಕಾರಣವೆಂದರು. ಅವರು ಹೇಳಿದಷ್ಟು ಫಲ ಮುಂದಿನ ಪರೀಕ್ಷೆಗಳಲ್ಲಿ ಕಾಣಲಿಲ್ಲ. ಆದರೆ ಎಲ್ಲವೂ ಸುಳ್ಳಾಗಲೂ ಇಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಣ್ಣ ಮತ್ತು ಸೋಡಿಯಂ ಬೆಂಜೊಯೇಟಿನ ಮಿಶ್ರಣ ಸಾಮಾನ್ಯ ಮಕ್ಕಳಲ್ಲೂ ತುಸು ಚಂಚಲತೆಯನ್ನು ಹೆಚ್ಚಿಸಿತು. ಆ ಪ್ರಯೋಗದ ಆರು ಬಣ್ಣಗಳಿಗೆ ಯುರೋಪಿನಲ್ಲಿ 2010ರಿಂದ ಎಚ್ಚರಿಕೆಯ ಬರಹ ಕಡ್ಡಾಯವಾಯಿತು. ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೊ ಸೇರಿದಂತೆ ಅವುಗಳಲ್ಲಿ ನಾಲ್ಕು ಭಾರತದಲ್ಲಿ ಬಳಕೆಗೆ ಅನುಮತಿ ಪಡೆದಂಥವು. ಬಸದಿಯ ಉತ್ಸವದ ಊಟಕ್ಕೆ ಕಿತ್ತಳೆಬಣ್ಣದ ಜಿಲೇಬಿಯನ್ನು ತರಿಸುವ ಟ್ರಸ್ಟಿನವರು ಇದನ್ನು ಗಮನಿಸಿದರೆ ನಷ್ಟವಿಲ್ಲ.

ಸಕ್ಕರೆಯ ಕಥೆ ಇನ್ನೂ ಬೋಧಪ್ರದ. 1994ರಲ್ಲಿ ಅಮೆರಿಕದ ಸಂಶೋಧಕರು ಕೆಲವು ತಾಯಂದಿರಿಗೆ ‘ನಿಮ್ಮ ಮಗನಿಗೆ ಈಗ ಬಹಳ ಸಕ್ಕರೆ ಕೊಟ್ಟಿದ್ದೇವೆ’ ಎಂದು ಹೇಳಿದರು. ವಾಸ್ತವದಲ್ಲಿ ಸಕ್ಕರೆ ಕೊಟ್ಟಿರಲೇ ಇಲ್ಲ. ಆ ತಾಯಂದಿರ ಕಣ್ಣಿಗೆ ಮಗ ಹೆಚ್ಚು ಚಂಚಲನಾಗಿ ಕಂಡ. ಅವರು ಅವನನ್ನು ಹೆಚ್ಚು ಆಕ್ಷೇಪಿಸಿದರು, ಬೆನ್ನುಬಿಡದೆ ಕಾದರು. ಬದಲಾದವರು ಯಾರು? ಆಹಾರದ ವಿಷಯದಲ್ಲಿ ದೃಢನಂಬಿಕೆಯುಳ್ಳ ಮನೆತನಗಳು ಈ ಪ್ರಯೋಗವನ್ನು ಮತ್ತೆ ಮತ್ತೆ ನೆನೆಯಬೇಕು. ಊಟ ಬದಲಾಯಿಸಿದೆವು, ಮಗು ಶಾಂತವಾಯಿತು ಎನ್ನುವ ಸಾಕ್ಷ್ಯದಲ್ಲಿ ಸಾಕ್ಷಿಯ ಆಸೆಯೂ ಬೆರೆತಿರುತ್ತದೆ.

ಔಷಧಿಯ ವಿಷಯ ಸಂಕ್ಷೇಪವಾಗಿ ಹೇಳಬಹುದು. ಅಮೆರಿಕದಲ್ಲಿ 579 ಮಕ್ಕಳನ್ನು ಹದಿನಾಲ್ಕು ತಿಂಗಳ ಕಾಲ ನೋಡಿದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಚ್ಚರಿಕೆಯಿಂದ ಕೊಟ್ಟ ಔಷಧಿ ಮುಖ್ಯ ಲಕ್ಷಣಗಳನ್ನು ವರ್ತನಚಿಕಿತ್ಸೆಯೊಂದಕ್ಕಿಂತ ಚೆನ್ನಾಗಿ ತಗ್ಗಿಸಿತು. ವರ್ಷಗಳು ಕಳೆದಂತೆ ಗುಂಪುಗಳ ನಡುವಿನ ಆ ಅಂತರ ಉಳಿಯಲಿಲ್ಲ. ಔಷಧಿ ಎಲ್ಲರಿಗೂ ಬೇಕೆಂದಲ್ಲ, ಆದರೆ ಬೇಕಾದ ಮಗುವಿಗೆ ಧರ್ಮದ ಹೆಸರಿನಲ್ಲಿ ಅದನ್ನು ತಪ್ಪಿಸುವ ಅಧಿಕಾರ ಯಾರಿಗೂ ಇಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿದ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ದನಕರುಗಳನ್ನೂ ಆಳುಕಾಳುಗಳನ್ನೂ ಕುರಿತು ವಿವರಿಸಲಾಗುವ ಈ ಪಟ್ಟಿಯನ್ನು ಚಂಚಲ ಮಗುವಿರುವ ಮನೆಯಲ್ಲಿ ಓದಿದರೆ ಎದೆ ಝಲ್ಲೆನ್ನುತ್ತದೆ. ಎರಡು ಗಂಟೆ ಕುರ್ಚಿಯಿಂದ ಏಳಬಾರದೆಂಬ ಕಟ್ಟು, ಅಂಕಪಟ್ಟಿ ಬಂದ ದಿನದ ಪೆಟ್ಟು, ಶಾಲೆಯ ಮೇಲೆ ಮೂರು ಟ್ಯೂಷನ್ನುಗಳ ಭಾರ. ನೀರಿನಲ್ಲಿರುವ ಸೂಕ್ಷ್ಮಜೀವಿಗೆ ನೋವಾಗಬಾರದೆಂದು ಬಟ್ಟೆಯಲ್ಲಿ ಸೋಸುವ ಕೈಯೇ ಮಗುವಿನ ಕಿವಿ ಹಿಂಡುತ್ತದೆ.

ಐದನೆಯ ಅತಿಚಾರವೇ ಅತಿ ಸೂಕ್ಷ್ಮವಾದದ್ದು. ಈ ತೊಂದರೆಗೆ ಸಾಮಾನ್ಯವಾಗಿ ಕೊಡುವ ಮಿಥೈಲ್‌ಫೆನಿಡೇಟ್ ಹಸಿವನ್ನು ಕುಗ್ಗಿಸುತ್ತದೆ. ಮಧ್ಯಾಹ್ನದ ಡಬ್ಬಿ ಹಾಗೆಯೇ ಹಿಂದಿರುಗುತ್ತದೆ. ಬೆಳಗಿನ ಎಂಟಕ್ಕೆ ನುಂಗಿದ ದೀರ್ಘಕಾಲಿಕ ಮಾತ್ರೆಯ ಪ್ರಭಾವ ಎಂಟರಿಂದ ಹನ್ನೆರಡು ಗಂಟೆ ಇರುವುದರಿಂದ ಹಸಿವು ಮರಳುವ ವೇಳೆಗೆ ಸಂಜೆಯಾಗಿರುತ್ತದೆ. ನವೆಂಬರಿನಲ್ಲಿ ಬೆಂಗಳೂರಿನ ಸೂರ್ಯ ಆರು ಗಂಟೆಗೆ ಮೊದಲೇ ಮುಳುಗುತ್ತಾನೆ. ಏಳು ಗಂಟೆಗೆ ‘ಹಸಿವು’ ಎಂದ ಮಗುವಿಗೆ ಮನೆ ಏನು ಹೇಳಬೇಕು?

ಸಮಂತಭದ್ರಾಚಾರ್ಯರು ರಾತ್ರಿಭೋಜನ ತ್ಯಾಗವನ್ನು ಶ್ರಾವಕನ ಆರನೆಯ ಪ್ರತಿಮೆಯಲ್ಲಿ ಇರಿಸಿದರು. ಅಮೃತಚಂದ್ರಾಚಾರ್ಯರು ರಾತ್ರಿಯ ಊಟದಲ್ಲಿ ಹಿಂಸೆ ತಪ್ಪದೆಂದು ವಾದಿಸಿದರು. ಎರಡನೆಯ ಮಾತಿನ ತೂಕವನ್ನು ಅಲ್ಲಗಳೆಯಲಾಗದು. ಆದರೂ ವ್ರತವೆಂಬುದು ತಿಳಿದು, ಇಚ್ಛಿಸಿ ಸ್ವೀಕರಿಸುವಂಥದು. ಆ ಮಗು ಯಾವ ವ್ರತವನ್ನೂ ಸ್ವೀಕರಿಸಿಲ್ಲ. ಅದರ ಹಗಲಿನ ಹಸಿವನ್ನು ಕಸಿದದ್ದು ಮನೆಯವರೇ ಕೊಟ್ಟ ಮಾತ್ರೆ. ಬೆಚ್ಚನೆಯ ಹಾಲನ್ನೂ ಎರಡು ಚಪಾತಿಯನ್ನೂ ಅದಕ್ಕೆ ಕೊಟ್ಟು ತಂದೆತಾಯಿಗಳು ತಮ್ಮ ನಿಯಮವನ್ನು ತಾವು ಪಾಲಿಸಿಕೊಂಡರೆ ಎರಡೂ ಉಳಿಯುತ್ತವೆ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದ ಮಕ್ಕಳಿಗೆ ವೇದಿಕೆಯ ಮೇಲೆ ಹಾರ ಹಾಕುವ ಸಂಪ್ರದಾಯವಿರುವಲ್ಲಿ, ಇಂಥ ಮಗುವನ್ನು ಆ ಸಾಲಿಗೆ ಎಳೆಯದಿರುವ ವಿವೇಕ ಟ್ರಸ್ಟಿನವರಿಗಿರಬೇಕು.

ಬಹಳಷ್ಟು ಸಂದರ್ಭಗಳಲ್ಲಿ ಸಂಕಟ ಇಷ್ಟು ದೂರ ಬರಬೇಕಾಗಿಯೂ ಇಲ್ಲ. ಮಾತ್ರೆಗೆ ಮೊದಲು ಬೆಳಗ್ಗೆ ಹೊಟ್ಟೆ ತುಂಬ ದೋಸೆ, ಕಡಲೆಕಾಯಿ ಚಟ್ನಿ, ಹಾಲು ಕೊಡಬಹುದು. ಅಲ್ಪಕಾಲಿಕ ಮಾತ್ರೆಯ ಪ್ರಭಾವ ನಾಲ್ಕು ಗಂಟೆಯಷ್ಟೇ. ಅದು ಮಗುವಿಗೆ ಒಗ್ಗುವುದಾದರೆ ಸಂಜೆ ಐದರ ಹೊತ್ತಿಗೆ ಹಸಿವು ತಾನಾಗಿ ಬರುತ್ತದೆ. ಆದರೆ ಮನೆಯಲ್ಲಿ ಕೊನೆಯ ಊಟ ಯಾವ ಹೊತ್ತಿಗೆಂಬುದನ್ನು ಸಂಕೋಚದಿಂದ ವೈದ್ಯರಿಗೆ ಹೇಳದೆ ಬರುವವರುಂಟು. ಮುಂದಿನ ಭೇಟಿಗೆ ಹೋಗುವಾಗ ಮಗುವಿನ ಊಟದ ವೇಳೆ, ತೂಕ, ಮರಳಿ ಬಂದ ಡಬ್ಬಿಗಳ ಲೆಕ್ಕ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ, ಮಾತ್ರೆಯ ಹೊತ್ತನ್ನು ಗೊತ್ತುಪಡಿಸುವ ಕೆಲಸ ವೈದ್ಯರಿಗೂ ಸುಲಭವಾಗುತ್ತದೆ.