ಸಾವಿರ ಸುಳ್ಳಿನಲ್ಲಿ ಮೊದಲನೆಯದು

‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆಯನ್ನು ಬೆಂಗಳೂರಿನ ಮನೆ ದಲ್ಲಾಳಿಗಳು ತಮ್ಮ ಕಸುಬಿಗೂ ಒಗ್ಗಿಸಿಕೊಂಡಿದ್ದಾರೆ. ‘ನಮ್ಮದೂ ಗಂಡು-ಹೆಣ್ಣು ಜೋಡಿಸೋ ಕೆಲಸಾನೇ ಸಾರ್, ಸ್ವಲ್ಪ ಹೆಚ್ಚುಕಮ್ಮಿ ಹೇಳದಿದ್ರೆ ಆಗುತ್ತಾ?’ ಎಂದು ನಗುತ್ತಾರೆ. ಹೋಲಿಕೆ ಚೆನ್ನಾಗಿದೆ. ಆದರೆ ಆರು ತಿಂಗಳಾದರೂ ಹೋಗದೆ ಉಳಿದ ಮನೆಗಳ ಕಥೆ ಕೆದಕಿದರೆ, ಗಾದೆಯನ್ನು ಅರ್ಧ ಮಾತ್ರ ಓದಿದ್ದೇ ಅನೇಕ ಕಡೆ ಕಾರಣವಾಗಿ ಸಿಗುತ್ತದೆ.

ಆ ಗಾದೆ ಯಾವ ಲೋಕದ್ದು ನೋಡಿ. ಹುಡುಗನ ಸಂಬಳ, ಹುಡುಗಿಯ ವಯಸ್ಸು, ಊರಲ್ಲಿರುವ ತೋಟದ ಎಕರೆ, ಇವನ್ನೆಲ್ಲ ಒಂದಿಷ್ಟು ಎಳೆದು ಹೇಳಿದರೂ ನಡೆಯುತ್ತಿತ್ತು. ನಿಜ ಗೊತ್ತಾಗುವ ಹೊತ್ತಿಗೆ ಧಾರೆ ಎರೆದಾಗಿರುತ್ತಿತ್ತು, ಕೆಲವರ ಮನೆಯಲ್ಲಿ ತೊಟ್ಟಿಲೂ ಕಟ್ಟಿಯಾಗಿರುತ್ತಿತ್ತು. ಇನ್ನು ಹೊಂದಿಕೊಂಡು ಹೋಗಬೇಕಷ್ಟೆ. ಸುಳ್ಳು ಹೇಳಿದ್ದಕ್ಕೂ ಅದು ಬಯಲಾಗುವುದಕ್ಕೂ ನಡುವೆ ಮುಹೂರ್ತ ಮುಗಿದುಹೋಗುತ್ತಿತ್ತು. ಗಾದೆಗೆ ಬಲ ಬಂದದ್ದೇ ಅಲ್ಲಿಂದ.

ಮನೆ ವ್ಯಾಪಾರದಲ್ಲಿ ಈ ಸೌಕರ್ಯವಿಲ್ಲ. ಟೋಕನ್ ಅಡ್ವಾನ್ಸ್ ಕೊಟ್ಟ ಮರುದಿನವೇ ಕಾಗದಪತ್ರ ಬ್ಯಾಂಕಿನ ವಕೀಲರ ಮೇಜಿಗೆ ಹೋಗುತ್ತದೆ. ಅವರು ಮೂವತ್ತು ವರ್ಷದ ಇಸಿ ಕೇಳುತ್ತಾರೆ, ಮದರ್ ಡೀಡ್ ಕೇಳುತ್ತಾರೆ, ಎ ಖಾತೆಯೋ ಬಿ ಖಾತೆಯೋ ಎಂದು ನೋಡುತ್ತಾರೆ. ಇನ್ನೊಬ್ಬರು ಬಂದು ಮನೆ ಅಳೆದು ಬೆಲೆ ಕಟ್ಟುತ್ತಾರೆ. 2024ರ ಅಕ್ಟೋಬರ್‌ನಿಂದ ಬೆಂಗಳೂರಲ್ಲಿ ಇ-ಖಾತಾ ಇಲ್ಲದೆ ನೋಂದಣಿಯೇ ಇಲ್ಲ. ಇದೆಲ್ಲ ಆಗುವುದು ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತುವ ಮುಂಚೆ. ಅಂದರೆ ಸಾವಿರಕ್ಕೆ ಸಾವಿರ ಸುಳ್ಳೂ ಮುಹೂರ್ತಕ್ಕೆ ಮೊದಲೇ ಹೊರಬೀಳುತ್ತವೆ, ಮದುವೆ ಮುರಿಯುತ್ತದೆ.

ಗಾದೆಯಲ್ಲಿ ಇನ್ನೊಂದು ಸಂಗತಿ ಇದೆ. ಸುಳ್ಳು ಸಾವಿರ ಎಂದಿತೇ ಹೊರತು ಯಾರಿಗೆ ಹೇಳಿದ್ದು ಎಂದು ಅದು ತಿಳಿಸಲಿಲ್ಲ. ಕೊಳ್ಳುವವರಿಗೆ ಎಂದು ನಾವು ತಿಳಿದುಕೊಂಡಿದ್ದೇವೆ. ನನ್ನ ಪ್ರಕಾರ ಮೊದಲನೆಯದು ಹೋಗುವುದು ಮಾರುವವರ ಕಿವಿಗೆ.

ಉತ್ತರಹಳ್ಳಿ ಕಡೆ ಒಂದು ಹಳೆಯ ಎರಡು ಕೋಣೆಯ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ನಿವೃತ್ತರಾದ ಯಜಮಾನರು, ಮಗಳು ಹೊರದೇಶದಲ್ಲಿ. ಮೊದಲು ಬಂದ ದಲ್ಲಾಳಿ, ಅದೇ ಕಟ್ಟಡದಲ್ಲಿ ಹಿಂದೆ ಹೋದ ಫ್ಲ್ಯಾಟಿನ ರೇಟು ನೆನಪಿಸಿ, ‘ಎಂಬತ್ತರ ಹತ್ತಿರ ಬರುತ್ತೆ ಸಾರ್’ ಎನ್ನುತ್ತಾನೆ. ಯಜಮಾನರ ಮುಖ ಸಣ್ಣದಾಗುತ್ತದೆ. ಎರಡನೆಯವನು ಸೋಫಾದ ಅಂಚಿನಲ್ಲಿ ಕೂತು, ಮೇಡಂ ಕೊಟ್ಟ ಕಾಫಿ ಹೀರಿ, ‘ಏನ್ ಸಾರ್, ಇಂಥ ಗಾಳಿ ಬೆಳಕಿನ ಮನೆ! ತೊಂಬತ್ತಕ್ಕೆ ಕಣ್ಮುಚ್ಚಿ ಕೊಡ್ತೀನಿ, ಪಾರ್ಟಿ ಕೈಯಲ್ಲೇ ಇದೆ’ ಎನ್ನುತ್ತಾನೆ. ಪಾರ್ಟಿ ಕೈಯಲ್ಲಿಲ್ಲ. ಅವನಿಗೆ ಬೇಕಿರುವುದು ಬೀಗದ ಕೈ ಮಾತ್ರ, ಅದನ್ನು ಗಿಟ್ಟಿಸಲೆಂದೇ ಈ ಮಾತು.

ಇಲ್ಲಿಂದ ಲೆಕ್ಕ ತಪ್ಪುತ್ತಾ ಹೋಗುತ್ತದೆ. ತೊಂಬತ್ತಕ್ಕೆ ಒಪ್ಪಿದ ಒಬ್ಬ ಗಿರಾಕಿ ಕೊನೆಗೂ ಸಿಕ್ಕ ಎನ್ನೋಣ. ರಿಸರ್ವ್ ಬ್ಯಾಂಕ್ ಕಟ್ಟಳೆಯಂತೆ ಸಾಲದ ಮೊತ್ತ 30 ಲಕ್ಷ ದಾಟಿ 75 ಲಕ್ಷದೊಳಗಿದ್ದರೆ ಮನೆ ಬೆಲೆಯ ಶೇ. 80ರವರೆಗೆ ಸಿಗಬಹುದು. 72 ಲಕ್ಷ ಬರುತ್ತದೆ, 18 ಲಕ್ಷ ಹೊಂದಿಸಿದರಾಯಿತು ಎಂದು ಅವನ ಎಣಿಕೆ. ಬ್ಯಾಂಕಿನ ಕಡೆಯಿಂದ ಬಂದವರು 80 ಲಕ್ಷ ಎಂದು ಬರೆಯುತ್ತಾರೆ. ಕರಾರಿನ ಬೆಲೆ, ತಾವು ಕಟ್ಟಿದ ಬೆಲೆ ಎರಡರಲ್ಲಿ ಕಡಿಮೆಯದನ್ನೇ ಬ್ಯಾಂಕಿನವರು ಹಿಡಿಯುವುದು. ಸಾಲ 64 ಲಕ್ಷಕ್ಕೆ ಇಳಿಯಿತು, ಕೈಯಿಂದ ಹಾಕುವುದು 26 ಲಕ್ಷಕ್ಕೆ ಏರಿತು. ಜತೆಗೆ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದದ್ದು 2 ಆಗಿದೆ. ಅವೆರಡೇ 6 ಲಕ್ಷ 84 ಸಾವಿರ, ಇದಕ್ಕೆ ಸಾಲವೂ ಇಲ್ಲ. ದಲ್ಲಾಳಿಯ ಕಮಿಷನ್ ಬೇರೆ. ಗಿರಾಕಿ ಅಡ್ವಾನ್ಸ್ ವಾಪಸ್ ಕೇಳುತ್ತಾನೆ. ಯಜಮಾನರು ಕೊಡಲ್ಲ ಎನ್ನುತ್ತಾರೆ. ಎರಡು ತಿಂಗಳು ಅದರಲ್ಲೇ ಹೋಯಿತು.

ಅಷ್ಟರಲ್ಲಿ ಆ ಮನೆ ಹಳತಾಗಿರುತ್ತದೆ. ಒಂದು ಬಡಾವಣೆಯಲ್ಲಿ ಮನೆ ಹುಡುಕುವವರು ಹೊಸದಾಗಿ ಬಂದದ್ದನ್ನೆಲ್ಲ ಮೊದಲ ಕೆಲವು ವಾರಗಳಲ್ಲೇ ನೋಡಿಬಿಡುತ್ತಾರೆ. ಆಮೇಲೂ ಅದು ಅಲ್ಲೇ ಇದ್ದರೆ ‘ಏನೋ ಲಿಟಿಗೇಶನ್ ಇರಬೇಕು ಬಿಡಿ’ ಎಂಬ ಮಾತು ಹುಟ್ಟುತ್ತದೆ. ಗಾಬರಿಯಾದ ಯಜಮಾನರು ಇನ್ನೂ ನಾಲ್ವರು ದಲ್ಲಾಳಿಗಳಿಗೆ ಹೇಳುತ್ತಾರೆ. ಅದೇ ಹಾಲ್, ಅದೇ ಪೂಜಾಕೋಣೆ, ಅದೇ ಬಾಲ್ಕನಿಯ ತುಳಸಿ ಗಿಡ ಬೇರೆ ಬೇರೆ ಜಾಹೀರಾತುಗಳಲ್ಲಿ 92, 88, 95 ಎಂದು ಕಾಣಿಸಿಕೊಳ್ಳುತ್ತವೆ. ಕೊಳ್ಳುವವನು ಕಡಿಮೆ ಹೇಳಿದವನನ್ನೂ ನಂಬುವುದಿಲ್ಲ. ದಲ್ಲಾಳಿಯೇ ಬೇಡ ಎಂದು ಹೆಸರಲ್ಲೇ ಸಾರಿದ ಕಂಪನಿಯೊಂದು ಇದೇ ಊರಲ್ಲಿ ಬೇರೂರಿದ್ದು ಆಶ್ಚರ್ಯವೇನಲ್ಲ.

ಹಾಗಾದರೆ ಮೊದಲ ದಿನ ಕೇಳಬೇಕಾದದ್ದು ಏನು? ಬೆಲೆಗಿಂತ ಮುಂಚೆ ಮನೆ ಯಾರ ಹೆಸರಲ್ಲಿದೆ ಎಂದು. ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರೆ ‘ತಂಗಿಯರಿದ್ದಾರಾ ಸಾರ್?’ ಎಂದು ಕೇಳುವ ಧೈರ್ಯ ಬೇಕು. ‘ಅವಳ ಮದುವೆಗೆ ಚಿನ್ನ ಹಾಕಿ ಕಳಿಸಿದ್ದೀವಲ್ಲ, ಅವಳದ್ದೇನೂ ತಕರಾರಿಲ್ಲ’ ಎಂದು ಅಣ್ಣ ಹೇಳುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಹಾಕಿದ ಚಿನ್ನ ಅದನ್ನು ತೀರಿಸುವುದಿಲ್ಲ. ‘ಅಕ್ಕಾವ್ರ ಹತ್ರ ನಾನೇ ಒಂದ್ಸಲ ಮಾತಾಡ್ಲಾ?’ ಎಂದು ಅಂದೇ ಕೇಳುವ ದಲ್ಲಾಳಿ ಎಷ್ಟೋ ಮನೆಗಳನ್ನು ಉಳಿಸುತ್ತಾನೆ. ತಂಗಿ ಸಹಿ ಹಾಕಲು ಒಪ್ಪದಿದ್ದರೆ ಆ ಮನೆಯನ್ನು ಜಾಹೀರಾತಿಗೆ ಹಾಕುವುದೇ ವ್ಯರ್ಥ.

ಮಾರುವವರು ಹೊರದೇಶದಲ್ಲಿದ್ದರೆ ಇನ್ನೆರಡು ಪ್ರಶ್ನೆ. ಇಲ್ಲಿಯ ನಿವಾಸಿಯಿಂದ 50 ಲಕ್ಷ ಅಥವಾ ಅದಕ್ಕೂ ಮೇಲ್ಪಟ್ಟ ಮನೆ ಕೊಂಡರೆ ಶೇ. 1 ಟಿಡಿಎಸ್ ಮುರಿದುಕೊಂಡರೆ ಸಾಕು, ಅನಿವಾಸಿಯಾದರೆ ಮುರಿಯುವುದು ಅದಕ್ಕಿಂತ ಬಹಳ ಹೆಚ್ಚು. ಕಡಿಮೆ ಮುರಿಯಲು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ತರಿಸಬೇಕು. ಅಲ್ಲಿಂದ ಕಳಿಸಿದ ಪವರ್ ಆಫ್ ಅಟಾರ್ನಿಗೆ ಇಲ್ಲಿ ಕೈಸೇರಿದ ಮೂರು ತಿಂಗಳೊಳಗೆ ಮುದ್ರಾಂಕ ಕಟ್ಟಿಸಬೇಕು. ಗಿರಾಕಿ ಸಿಕ್ಕಮೇಲೆ ಇದನ್ನೆಲ್ಲ ಶುರುಮಾಡಿದರೆ ಗಿರಾಕಿ ಕಾಯುವುದಿಲ್ಲ.

‘ಅರ್ಧ ಕ್ಯಾಶ್ ಆಗುತ್ತಾ?’ ಎಂದು ಯಜಮಾನರು ಕೇಳಿದಾಗ ‘ನೋಡೋಣ ಸಾರ್’ ಎನ್ನುವುದೂ ಸುಳ್ಳೇ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದು 2015ರಿಂದ ನಿಷಿದ್ಧ. ಕಾನೂನು ಹಾಗಿರಲಿ, ಸಾಲ ಮಾಡಿ ಕೊಳ್ಳುವ ಸಂಬಳದಾರನ ಬಳಿ ಅಷ್ಟು ನಗದು ಎಲ್ಲಿಂದ ಬರಬೇಕು?

ಫೋಟೊ, ಸುಣ್ಣಬಣ್ಣ, ತೊಟ್ಟಿಕ್ಕುವ ನಲ್ಲಿ ರಿಪೇರಿ ಎಲ್ಲರಿಗೂ ಗೊತ್ತಿರುವುದೇ. ಕೊರತೆಯನ್ನು ಫೋನಿನಲ್ಲೇ ಹೇಳುವುದು ಮಾತ್ರ ಅಪರೂಪ. ದಕ್ಷಿಣದ ಬಾಗಿಲು, ಕಾವೇರಿ ಸಂಪರ್ಕವಿಲ್ಲ, ಬೋರ್‌ವೆಲ್ ನೀರೇ ಗತಿ, ಕಾರ್ ಪಾರ್ಕಿಂಗ್ ಇಕ್ಕಟ್ಟು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರು ನೀರಿನ ಪ್ರಶ್ನೆ ಕೇಳದೆ ಬಿಡುವುದಿಲ್ಲ. ಹೇಳಿಬಿಟ್ಟರೆ ನೋಡಲು ಬರುವವರು ಕಡಿಮೆಯಾಗುತ್ತಾರೆ ನಿಜ, ಆದರೆ ಬಂದವರು ಬಾಗಿಲಲ್ಲೇ ದಿಕ್ಸೂಚಿ ಹಿಡಿದು ತಿರುಗಿಹೋಗುವುದಿಲ್ಲ. ಆಷಾಢದಲ್ಲಿ ಹೇಗೂ ಅಡ್ವಾನ್ಸ್ ಕೊಡುವವರು ಕಮ್ಮಿ. ಇ-ಖಾತಾ ಮಾಡಿಸಲು, ತೆರಿಗೆ ರಸೀದಿ ಹುಡುಕಲು, ಇಸಿ ತೆಗೆಸಲು ಆ ತಿಂಗಳಷ್ಟು ಬಿಡುವು ಬೇರೆಲ್ಲೂ ಸಿಗುವುದಿಲ್ಲ. ಶ್ರಾವಣಕ್ಕೆ ಕಡತ ಸಿದ್ಧವಿರುತ್ತದೆ.

ಇಷ್ಟೆಲ್ಲ ನಿಜ ಹೇಳಿದ ದಲ್ಲಾಳಿಗೆ ಆ ಮನೆಯ ಬೀಗದ ಕೈ ಸಿಗದೇ ಹೋಗಬಹುದು. ತೊಂಬತ್ತು ಎಂದವನಿಗೇ ಯಜಮಾನರು ಕೊಡುತ್ತಾರೆ, ಇದು ದಿನಾ ಆಗುವ ಮಾತು. ಈ ಕಸುಬಿನಲ್ಲಿ ಪ್ರಾಮಾಣಿಕರಿಗಿರುವ ನಿಜವಾದ ಕಷ್ಟ ಇದೇ, ಇದಕ್ಕೆ ಸುಲಭದ ಮದ್ದಿಲ್ಲ. ಮಾಡಬಹುದಾದದ್ದು ಒಂದೇ, ಮೂರು ತಿಂಗಳು ಬಿಟ್ಟು ಮತ್ತೆ ಫೋನ್ ಮಾಡುವುದು. ‘ನಾನು ಅವತ್ತೇ ಹೇಳಿರಲಿಲ್ವಾ’ ಎಂದು ಶುರುಮಾಡಿದರೆ ಆ ಬಾಗಿಲು ಮುಚ್ಚಿತೆಂದೇ ಲೆಕ್ಕ. ‘ನಮಸ್ಕಾರ ಸಾರ್, ಮನೆ ಆಯ್ತಾ? ಇಲ್ವಾ? ಪಕ್ಕದ ಬ್ಲಾಕಲ್ಲಿ ಹೋದ ವಾರ ಒಂದು ರಿಜಿಸ್ಟರ್ ಆಯ್ತು, ಬ್ಯಾಂಕಿನವರು ಎಷ್ಟು ಬರೆದ್ರು ಅಂತ ಗೊತ್ತಿದೆ. ಸಂಜೆ ಬರ್ಲಾ?’